ಕೆರೆಯ ಮೀನು ತಾನಾಗಿ ಏಕೆ ಹೆಚ್ಚುವುದಿಲ್ಲ?

"ಒಮ್ಮೆ ಮರಿ ಬಿಟ್ಟರೆ ಸಾಲದೇ? ಮತ್ತೆ ಮತ್ತೆ ಹಣ ಕೊಟ್ಟು ತರಬೇಕೇ?" ಎಂದು ರೈತ ಬಾಂಧವರು ಕೇಳುವುದುಂಟು. ಕಾರಣ ತಿಳಿದರೆ ಹಣವೂ ಶ್ರಮವೂ ಪೋಲಾಗದು.

ಅಮೆರಿಕದ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ನದಿಗೆ ಏರುವ ಜಾತಿ. 1941ರಲ್ಲಿ ದಕ್ಷಿಣ ಕೆರೊಲಿನಾದ ಸಾಂಟೀ-ಕೂಪರ್ ಅಣೆಕಟ್ಟಿನ ಹಿಂದೆ ಸಿಕ್ಕಿಕೊಂಡ ಮೀನುಗಳು ಸಿಹಿನೀರಿನಲ್ಲೇ ಸಂತಾನ ಬೆಳೆಸಿದವು. ಜಲಾಶಯಕ್ಕೆ ಸೇರುವ ನದಿಗಳೇ ಅದಕ್ಕೆ ಆಧಾರ. ಇದರ ಮೊಟ್ಟೆ ಒಡೆಯುವವರೆಗೆ, ಸುಮಾರು ಎರಡು ದಿನ, ಹರಿವ ನೀರಿನಲ್ಲಿ ತೇಲಬೇಕು. ನಿಂತ ನೀರಿನಲ್ಲಿ ತಳಕ್ಕಿಳಿದು ಕೆಸರಿನಲ್ಲಿ ಸಾಯುತ್ತದೆ. ಆದ್ದರಿಂದ ಹೆಚ್ಚಿನ ಕೆರೆಗಳಿಗೆ ಅಲ್ಲಿಯೂ ಮರಿ ತಂದೇ ಬಿಡುತ್ತಾರೆ. 1965ರಲ್ಲಿ ವೈಟ್ ಬಾಸ್ ಜೊತೆ ಕೂಡಿಸಿ ಪಡೆದ ಮಿಶ್ರತಳಿಯನ್ನೂ ಹೀಗೆಯೇ ಬಿಡುತ್ತಾರೆ.

ನಮ್ಮ ಕಾಟ್ಲಾ, ರೋಹು, ಮೃಗಾಲ್ ಕೂಡ ಹೊಳೆಯ ಮೀನುಗಳೇ. ಮಳೆಗಾಲದ ನೆರೆ ಬಂದಾಗ ಮೊಟ್ಟೆಯಿಡುತ್ತವೆ. ಕೆರೆಯಲ್ಲಿ ಚೆನ್ನಾಗಿ ಬೆಳೆದರೂ ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಪಡೆದರು. ಇಂದಿನ ಮರಿ ಉತ್ಪಾದನಾ ಕೇಂದ್ರಗಳಿಗೆ ಅದೇ ಬುನಾದಿ.

ಗಮನಿಸಿರಿ:
1. ಬೆರಳುದ್ದದ ಮರಿಗಳನ್ನೇ ಕೊಳ್ಳಿರಿ. ತೀರಾ ಸಣ್ಣವು ಇತರ ಮೀನುಗಳಿಗೆ ಆಹಾರವಾಗುತ್ತವೆ.
2. ಕಾಟ್ಲಾ-ರೋಹು ಮಿಶ್ರತಳಿ ಶುದ್ಧ ತಳಿಯೊಡನೆ ಬೆರೆತರೆ ತಳಿ ಕೆಡುತ್ತದೆ. ನಂಬಿಕೆಯ ಕೇಂದ್ರದಿಂದಲೇ ತನ್ನಿರಿ.
3. ಮರಿಯ ಚೀಲವನ್ನು ಕಾಲು ಗಂಟೆ ಕೆರೆಯ ನೀರಿನಲ್ಲಿ ತೇಲಿಸಿ, ತಂಪು ಹೊತ್ತಿನಲ್ಲಿ ಮೆಲ್ಲನೆ ಬಿಡಿರಿ.
4. ತಿಲಾಪಿಯಾ ನಿಂತ ನೀರಿನಲ್ಲೇ ಹೆಚ್ಚುತ್ತದೆ. ಮರಿ ಅತಿಯಾದರೆ ಯಾವುದೂ ದೊಡ್ಡದಾಗದು.

ಬಿತ್ತದೆ ಬೆಳೆಯಿಲ್ಲ, ಕೆರೆಗೂ ಅದೇ ನಿಯಮ.