ಗಣಕಯಂತ್ರದ ಮರುಸ್ಥಾಪನೆ ಮತ್ತು ಕನ್ನಡ ಕಡತಗಳ ಉದ್ಧಾರ

ಬೆಂಗಳೂರಿನ ದಂಡುಪ್ರದೇಶವು 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡಂದಿನಿಂದಲೂ ಬಹುಭಾಷೆಗಳ ನೆಲೆಯಾಗಿದೆ. 1949ರಲ್ಲಿ ಅದು ಪೇಟೆಯ ಭಾಗದೊಡನೆ ಒಂದೇ ನಗರಾಡಳಿತಕ್ಕೆ ಸೇರಿದ ಮೇಲೂ ಈ ಲಕ್ಷಣ ಅಳಿಯಲಿಲ್ಲ. ಶಿವಾಜಿನಗರ, ಹಲಸೂರುಗಳ ಅಕ್ಷರಜೋಡಣೆಯ ಅಂಗಡಿಗಳಲ್ಲಿ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಲಗ್ನಪತ್ರಿಕೆಗಳು ಒಂದೇ ಗಣಕಯಂತ್ರದ ಮೇಲೆ ಸಿದ್ಧವಾಗುವುದುಂಟು. ಇಂಥ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಸ್ಥಾಪಿಸಿದಾಗ ಅಳಿಯುವುದೇನು, ಉಳಿಯುವುದೇನು, ಉಳಿದುದನ್ನು ಮರಳಿ ಪಡೆಯುವ ಕ್ರಮವೇನು ಎಂಬ ಪ್ರಶ್ನೆ ಮುದ್ರಕರದಷ್ಟೇ ಅಲ್ಲ, ಗ್ರಂಥಸಂಪಾದಕರದೂ ಹೌದು. ಓಲೆಗರಿಯಿಂದ ಎತ್ತಿ ಬರೆದ ಪಾಠ, ಪಾಠಾಂತರಗಳ ಪಟ್ಟಿ, ಪದಸೂಚಿ ಮೊದಲಾದುವು ಎಷ್ಟೋ ವೇಳೆ ಗಣಕದ ಕಡತಗಳಾಗಿ ಮಾತ್ರ ಉಳಿದಿರುತ್ತವೆ.

ಮರುಸ್ಥಾಪನೆಯ ಸಂದರ್ಭಗಳು ಹೇಳಿಕೇಳಿಯೇ ಬರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇಂದಿರಾನಗರದಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ ದುರಸ್ತಿಯ ಅಂಗಡಿಗೆ ಯಂತ್ರವನ್ನು ಒಯ್ದರೆ, 'ಡಿ ಡ್ರೈವ್ ಮುಟ್ಟುವುದಿಲ್ಲ, ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್' ಎಂಬ ಭರವಸೆ ದೊರೆಯುವುದು ವಾಡಿಕೆ. ಈ ಭರವಸೆ ಅರ್ಧ ಮಾತ್ರ ನಿಜ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು, ಡಾಕ್ಯುಮೆಂಟ್ಸ್ ಎಂಬಲ್ಲಿ ಇಟ್ಟದ್ದು, ಸೇರಿಸಿಕೊಂಡ ಫಾಂಟುಗಳು, ಕೀಲಿಮಣೆಯ ವಿನ್ಯಾಸ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ.

ಹಳೆಯ ವಿಭಾಗವನ್ನು ಫಾರ್ಮ್ಯಾಟ್ ಮಾಡದೆ ಅದರ ಮೇಲೆಯೇ ಹೊಸ ವಿಂಡೋಸ್ ಸ್ಥಾಪಿಸಿದ್ದರೆ ನಷ್ಟ ಅಲ್ಪ. ಹಿಂದಿನದೆಲ್ಲವೂ 'ವಿಂಡೋಸ್.ಓಲ್ಡ್' ಎಂಬ ಕಡತಕೋಶದಲ್ಲಿ ಉಳಿದಿರುತ್ತದೆ. ಅದರೊಳಗಿನ 'ಯೂಸರ್ಸ್' ಕೋಶದಲ್ಲಿ ಬಳಕೆದಾರನ ಹೆಸರಿನಡಿ ಬರಹಗಳೂ, 'ಆಪ್‌ಡೇಟಾ' ಎಂಬ ಮರೆಮಾಡಿದ ಕೋಶದಲ್ಲಿ ಅವನ ವೈಯಕ್ತಿಕ ಹೊಂದಾಣಿಕೆಗಳೂ ದೊರೆಯುತ್ತವೆ. ಆದರೆ ಈ ಕೋಶಕ್ಕೆ ಆಯುಷ್ಯ ಕಡಿಮೆ. ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯವಾಗಿ 10 ದಿನಗಳಾದ ಮೇಲೆ ವ್ಯವಸ್ಥೆಯೇ ಅದನ್ನು ತೆಗೆದುಹಾಕುತ್ತದೆ. ಆದುದರಿಂದ ಮೊದಲ ದಿನವೇ ಇಡೀ ಕೋಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡತಕ್ಕದ್ದು. ನಕಲಿನ ವೇಳೆ 'ಪ್ರವೇಶವಿಲ್ಲ' ಎಂಬ ಸೂಚನೆ ಬಂದರೆ ಕಡತ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಹೆಸರು ಒಂದೇ ಆದರೂ ಹೊಸ ವ್ಯವಸ್ಥೆಗೆ ಈಗಿನ ಬಳಕೆದಾರ ಬೇರೆ ವ್ಯಕ್ತಿ. ಆ ಕೋಶದ ಒಡೆತನವನ್ನು ಹೊಸ ಖಾತೆಗೆ ವಹಿಸಿದರೆ ಬಾಗಿಲು ತೆರೆಯುತ್ತದೆ. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಿನ ಸ್ಥಿತಿ ಬೇರೆ. ಅದರ 48 ಅಂಕೆಗಳ ಕೀಲಿ ಎಲ್ಲಿಯೂ ಉಳಿದಿಲ್ಲವಾದರೆ ಮಾಡುವುದೇನೂ ಇಲ್ಲ.

ಫಾರ್ಮ್ಯಾಟ್ ಆಗಿಹೋಗಿದ್ದರೆ ಮೊದಲು ಯಂತ್ರವನ್ನು ಬಳಸುವುದನ್ನೇ ನಿಲ್ಲಿಸಬೇಕು. ಅವಸರದ ಫಾರ್ಮ್ಯಾಟ್ ಕಡತಗಳ ಸೂಚಿಯನ್ನು ಅಳಿಸುತ್ತದೆಯೇ ಹೊರತು ಕಡತಗಳನ್ನಲ್ಲ. ಅವುಗಳ ಮೇಲೆ ಹೊಸ ಬರಹ ಬಿದ್ದಾಗ ಮಾತ್ರ ಅವು ನಿಜವಾಗಿ ನಾಶವಾಗುತ್ತವೆ. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಫೋಟೋರೆಕ್‌ನಂಥ ತಂತ್ರಾಂಶದಿಂದ ಶೋಧಿಸಿದರೆ ಬಹುಪಾಲು ಸಿಕ್ಕೀತು. ಆದರೆ ಹೀಗೆ ಸಿಕ್ಕ ಕಡತಗಳಿಗೆ ಹೆಸರಿರುವುದಿಲ್ಲ, ಕ್ರಮವಿರುವುದಿಲ್ಲ. ದಾರ ಹರಿದ ಕಟ್ಟಿನ ಗರಿಗಳಂತೆ ಒಂದೊಂದನ್ನೂ ಓದಿ ಜೋಡಿಸಬೇಕಾಗುತ್ತದೆ. ಎಸ್‌ಎಸ್‌ಡಿ ಬಗೆಯ ಡಿಸ್ಕುಗಳಲ್ಲಿ ಈ ಆಸೆಯೂ ಕಡಿಮೆ. ಅಳಿಸಿದ ಜಾಗವನ್ನು ಅವು ತಾವಾಗಿಯೇ ಶುದ್ಧಗೊಳಿಸಿಕೊಳ್ಳುತ್ತವೆ.

ಕಡತ ಮರಳಿ ಬಂದಿತೆಂದರೆ ಪಾಠ ಮರಳಿ ಬಂದಿತೆಂದಲ್ಲ. ಕನ್ನಡದ ಮಟ್ಟಿಗೆ ನಿಜವಾದ ತೊಡಕು ಇಲ್ಲಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಬಹುಕಾಲ ಬಳಕೆಯಲ್ಲಿದ್ದುದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳು. ಇವುಗಳಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರವಲ್ಲ, ಲ್ಯಾಟಿನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ 'ಪಿ' ಅಕ್ಷರ, ತಲೆಯ ಮೇಲೆ ಗೆರೆಯುಳ್ಳ 'ಎ', ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಹೀಗೆ ಅರ್ಥವಿಲ್ಲದ ಸಾಲು ಕಾಣಿಸುತ್ತದೆ. ಕಂಠದಿಂದ ಕೊರೆದ ಗರಿಗೆ ಮಸಿ ಸವರದಿದ್ದಾಗ ಅಕ್ಷರವಿದ್ದೂ ಕಾಣದಿರುವ ಸ್ಥಿತಿಯೇ ಇದು. ತಮಿಳಿನಲ್ಲಿಯೂ ಇದೇ ಕಥೆ. ತಮಿಳುನಾಡು ಸರ್ಕಾರ 1999ರಲ್ಲಿ ಅಂಗೀಕರಿಸಿದ ಟ್ಯಾಮ್, ಟ್ಯಾಬ್ ಸಂಕೇತಗಳ ಬರಹಕ್ಕೂ ತಕ್ಕ ಫಾಂಟು ಬೇಕು. ಉರ್ದುವಿನ ಇನ್‌ಪೇಜ್ ಕಡತಗಳಿಗಂತೂ ಆ ತಂತ್ರಾಂಶವೇ ಬೇಕು.

ಈ ಹಂತದಲ್ಲಿ ಆಗುವ ಒಂದು ಪ್ರಮಾದ ಕಡತದ ನಷ್ಟಕ್ಕಿಂತ ಘೋರವಾದುದು. ಅರ್ಥವಾಗದ ಸಾಲುಗಳನ್ನು ಕಂಡವರು ಇಡೀ ಬರಹವನ್ನು ಆಯ್ದು ತುಂಗಾದಂಥ ಬೇರೊಂದು ಫಾಂಟಿಗೆ ಬದಲಿಸುತ್ತಾರೆ. ಇದರಿಂದ ಕನ್ನಡ ಕಾಣಿಸುವುದಿಲ್ಲ. ಅಷ್ಟೇ ಅಲ್ಲ, ಯಾವ ಭಾಗ ಕನ್ನಡವಾಗಿತ್ತು, ಯಾವುದು ನಿಜವಾಗಿಯೂ ಇಂಗ್ಲಿಷ್ ಅಥವಾ ರೋಮನ್ ಲಿಪ್ಯಂತರವಾಗಿತ್ತು ಎಂಬುದನ್ನು ತಿಳಿಸುತ್ತಿದ್ದ ಏಕೈಕ ಗುರುತು ಅಳಿಸಿಹೋಗುತ್ತದೆ. ಮೂಲ ಕನ್ನಡದಲ್ಲಿಯೂ ಟಿಪ್ಪಣಿ ಇಂಗ್ಲಿಷಿನಲ್ಲಿಯೂ ಇರುವ ಸಂಪಾದಿತ ಗ್ರಂಥವನ್ನು ಹೀಗೆ ಉಳಿಸಿಟ್ಟರೆ ಅದನ್ನು ಬಿಡಿಸುವುದು ತಿಂಗಳುಗಳ ಕೆಲಸ. ಬರಹವನ್ನು ಸಾದಾ ಪಠ್ಯವಾಗಿ ಉಳಿಸಿದರೂ ಫಲ ಇದೇ. ಆದುದರಿಂದ ಉದ್ಧರಿಸಿದ ಮೂಲಪ್ರತಿಯನ್ನು ತಿದ್ದದೆ ಪ್ರತ್ಯೇಕವಾಗಿಟ್ಟು, ಅದರ ನಕಲಿನ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು.

ಫಾಂಟನ್ನು ಹಳೆಯ ಡಿಸ್ಕಿನಲ್ಲಿ ಎರಡು ಕಡೆ ಹುಡುಕಬೇಕು. 'ವಿಂಡೋಸ್' ಕೋಶದೊಳಗಿನ 'ಫಾಂಟ್ಸ್' ಎಂಬುದು ಸರ್ವವಿದಿತ. ಈಚಿನ ವ್ಯವಸ್ಥೆಗಳಲ್ಲಿ ಒಬ್ಬ ಬಳಕೆದಾರ ತನಗಾಗಿ ಸೇರಿಸಿಕೊಂಡ ಫಾಂಟು ಆಪ್‌ಡೇಟಾದೊಳಗೆ ಅಡಗಿರುತ್ತದೆ. ತುಂಗಾ ಫಾಂಟನ್ನು ನೆಚ್ಚಿದವರಿಗೂ ಒಂದು ಮಾತು: ಎಕ್ಸ್‌ಪಿಯ ಕಾಲದಲ್ಲಿ ಜೊತೆಗೇ ಬರುತ್ತಿದ್ದ ಅದು ವಿಂಡೋಸ್ 10ರಿಂದೀಚೆಗೆ ಐಚ್ಛಿಕ. ಹೊಸದಾಗಿ ಸ್ಥಾಪಿಸಿದ ಯಂತ್ರದಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಇಲ್ಲವಾದರೆ ನಿರ್ಮಲಾ ಫಾಂಟು ಅದರ ಜಾಗಕ್ಕೆ ಬಂದು ಪುಟಗಳ ಅಳತೆ ಬದಲಾಗಿ, ಸಿದ್ಧಪಡಿಸಿದ್ದ ಪದಸೂಚಿಯ ಪುಟಸಂಖ್ಯೆಗಳು ತಪ್ಪುತ್ತವೆ.

ಕೀಲಿಮಣೆಗೆ ಸಂಬಂಧಿಸಿ, ವಿಂಡೋಸ್ ಬಹುಕಾಲದಿಂದ ಒದಗಿಸುತ್ತ ಬಂದಿರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸಕ್ಕೆ ಒಗ್ಗಿದ ಕೈಗಳು ನುಡಿಯನ್ನೋ ಅಂಥ ಇನ್ನೊಂದನ್ನೋ ಮರಳಿ ಸೇರಿಸಿಕೊಳ್ಳಬೇಕಾಗುತ್ತದೆ. ರೋಮನ್ ಲಿಪ್ಯಂತರದ ದೀರ್ಘಗೆರೆ, ಚುಕ್ಕೆಗಳಿಗಾಗಿ ವರ್ಡ್ ತಂತ್ರಾಂಶದಲ್ಲಿ ಮಾಡಿಕೊಂಡ ಕೀಲಿಗಳು ಆಪ್‌ಡೇಟಾದಲ್ಲಿರುವ 'ನಾರ್ಮಲ್' ಎಂಬ ಮಾದರಿ ಕಡತದಲ್ಲಿರುತ್ತವೆ. ಅದೊಂದನ್ನು ಹೊಸ ಯಂತ್ರದ ಅದೇ ಸ್ಥಾನಕ್ಕೆ ಹಾಕಿದರೆ ಸಾಕು. ಲಿನಕ್ಸ್ ಬಳಸುವವರ ಪಾಡು ಹಗುರ. 'ಹೋಮ್' ಕೋಶವನ್ನು ಬೇರೆ ವಿಭಾಗದಲ್ಲಿಟ್ಟು, ಮರುಸ್ಥಾಪನೆಯಲ್ಲಿ ಅದನ್ನು ಫಾರ್ಮ್ಯಾಟ್ ಮಾಡದೆ ಹಳೆಯ ಬಳಕೆದಾರನ ಹೆಸರನ್ನೇ ಕೊಟ್ಟರೆ, ಚುಕ್ಕೆಯಿಂದ ಆರಂಭವಾಗುವ ಮರೆಯ ಕಡತಗಳೊಡನೆ ಹೊಂದಾಣಿಕೆಗಳೂ ಹಿಂದಿರುಗುತ್ತವೆ.

ಫಾಂಟು ಮರಳಿ ಸಿಕ್ಕು ಬರಹ ಓದುವಂತಾದ ಮೇಲೆ ಅದನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಮುಂದಿನ ಮರುಸ್ಥಾಪನೆಯಲ್ಲಿ ಈ ಪ್ರಯಾಸ ಇರದು. ಪರಿವರ್ತಕಗಳು ಲಭ್ಯವಿವೆ, ಆದರೆ ಅವುಗಳ ಫಲವನ್ನು ಪ್ರತಿಯೊಡನೆ ಪ್ರತಿಯನ್ನು ಹೋಲಿಸುವಂತೆ ಹೋಲಿಸಬೇಕು. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫವೇ ಮೊದಲು. ಧರ್ಮ, ಕರ್ಮ, ತೀರ್ಥ ಮೊದಲಾದ ಪದಗಳಲ್ಲಿ ಈ ಅದಲುಬದಲು ತಪ್ಪಿದೆಯೇ ಎಂದು ನೋಡತಕ್ಕದ್ದು. ಹಳಗನ್ನಡದ ಱ, ೞ ಅಕ್ಷರಗಳು ರ, ಳ ಆಗಿ ಮಾರ್ಪಟ್ಟಿಲ್ಲವೆಂಬುದನ್ನೂ ಪರೀಕ್ಷಿಸಬೇಕು. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ನಿಂತಿರುವುದರಿಂದ, ಅದನ್ನು ಹೆಸರಿನಿಂದ ಹುಡುಕುವವರಿಗೆ ಸಿಗುವುದಿಲ್ಲ. ರೂಪವನ್ನು ನೋಡಿಯೇ ಆರಿಸಿಕೊಳ್ಳಬೇಕು.