ಮಖಮಲ್ಲಿನ ಹಗ್ಗದ ಆಚೆ, ಈಚೆ

1977ರ ಡಿಸೆಂಬರ್ 31ರ ರಾತ್ರಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಪಶ್ಚಿಮ 54ನೆಯ ಬೀದಿಯ ನೃತ್ಯಶಾಲೆಯೊಂದರ ಮುಂದೆ ಇಬ್ಬರು ಕಪ್ಪು ಸಂಗೀತಗಾರರು ನಿಂತಿದ್ದರು. ಒಬ್ಬರು ನೈಲ್ ರಾಜರ್ಸ್, ಇನ್ನೊಬ್ಬರು ಬರ್ನಾರ್ಡ್ ಎಡ್ವರ್ಡ್ಸ್. ಅವರ ‘ಶೀಕ್’ ತಂಡದ ಹಾಡು ಆ ಚಳಿಗಾಲದಲ್ಲಿ ನಗರದ ಡಿಸ್ಕೊಗಳಲ್ಲೆಲ್ಲ ಮೊಳಗುತ್ತಿತ್ತು. ಹೊಸ ವರ್ಷದ ಸಂಭ್ರಮಕ್ಕೆ ಬರುವಂತೆ ಗಾಯಕಿ ಗ್ರೇಸ್ ಜೋನ್ಸ್ ಅವರೇ ಆಹ್ವಾನಿಸಿದ್ದರು. ಆದರೂ ಬಾಗಿಲಿನವನು ಒಳಗೆ ಬಿಡಲಿಲ್ಲ. ಇಬ್ಬರೂ ಮನೆಗೆ ಮರಳಿ, ಸಿಟ್ಟಿನಲ್ಲಿ ವಾದ್ಯಗಳನ್ನು ಕೈಗೆತ್ತಿಕೊಂಡು, ಆ ದ್ವಾರಪಾಲಕನ ಮೇಲೆ ಒಂದು ಬೈಗುಳವನ್ನು ಲಯಬದ್ಧವಾಗಿ ಹೊಸೆದರು. ಬಳಿಕ ಬೈಗುಳದ ಪದವನ್ನು ಸಭ್ಯಗೊಳಿಸಿದಾಗ ಅದು ‘ಲ ಫ್ರೀಕ್’ ಆಯಿತು. 1978ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತು. ಯಾರನ್ನು ಹೊರಗಟ್ಟಲಾಗಿತ್ತೋ ಅವರ ಹಾಡಿಗೆ ಒಳಗಿನವರು ಕುಣಿದರು.

ಆ ನೃತ್ಯಶಾಲೆಯ ಹೆಸರು ಸ್ಟುಡಿಯೊ 54. ಡಿಸ್ಕೊ ಯುಗದ ಮಾತು ಬಂದಾಗ ಅದರ ಬೆಳಕು, ಮಾದಕದ್ರವ್ಯ, ತಾರೆಯರ ಸ್ವೇಚ್ಛೆಗಳೇ ಮೊದಲು ನೆನಪಾಗುತ್ತವೆ. ನನಗಾದರೋ ಅಲ್ಲಿನ ನಿಜವಾದ ನಾಟಕ ನಡೆದದ್ದು ಹೊಸ್ತಿಲಿನ ಬಳಿ ಎಂದೇ ಅನ್ನಿಸುತ್ತದೆ.

ಡಿಸ್ಕೊ ಹುಟ್ಟಿದ್ದು ಬೇರೆಡೆ ಪ್ರವೇಶ ದೊರೆಯದವರ ನಡುವೆ. 1969ರಲ್ಲಿ ಸ್ಟೋನ್‌ವಾಲ್ ಮದ್ಯಶಾಲೆಯ ಮೇಲಿನ ಪೊಲೀಸ್ ದಾಳಿಯನ್ನು ಸಲಿಂಗಿಗಳು ಪ್ರತಿಭಟಿಸಿದ ಮರುವರ್ಷವೇ, ಡೇವಿಡ್ ಮನ್‌ಕೂಸೊ ಎಂಬಾತ ತನ್ನ ವಿಶಾಲವಾದ ಮನೆಯಲ್ಲಿ ನೃತ್ಯಕೂಟಗಳನ್ನು ಆರಂಭಿಸಿದ. ‘ದಿ ಲಾಫ್ಟ್’ ಎಂದು ಹೆಸರಾದ ಆ ಜಾಗದಲ್ಲಿ ಕಪ್ಪು ಜನ, ಲ್ಯಾಟಿನೊಗಳು, ಸಲಿಂಗಿಗಳು ಬೆಳಗಿನವರೆಗೂ ಕುಣಿದರು. ಮದ್ಯ ಮಾರಾಟವಿರಲಿಲ್ಲ. ಅಲ್ಲಿಯೂ ಆಹ್ವಾನವಿಲ್ಲದೆ ಪ್ರವೇಶವಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಆ ಬಾಗಿಲು ಇದ್ದದ್ದು ಒಳಗಿನವರ ರಕ್ಷಣೆಗಾಗಿ. ಸಂಗೀತ ಮಾತ್ರ ಬೇಗನೆ ಗೋಡೆ ದಾಟಿತು. 1974ರಲ್ಲಿ ಜಗತ್ತನ್ನೆಲ್ಲ ಕುಣಿಸಿದ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ ಎಂಬುದನ್ನು ಇಲ್ಲಿ ಹೆಮ್ಮೆಯಿಂದಲೇ ಹೇಳಬಹುದು.

ಇನ್ನು ಆ ಕಟ್ಟಡ. 1927ರಲ್ಲಿ ಫಾರ್ಚೂನ್ ಗ್ಯಾಲೊ ಎಂಬಾತ ಅದನ್ನು ಆಪೆರಾ ಮಂದಿರವಾಗಿ ಕಟ್ಟಿಸಿದ. ಆಪೆರಾ ನಿಲ್ಲಲಿಲ್ಲ. ಕೈಯಿಂದ ಕೈಗೆ ದಾಟಿ, 1940ರ ದಶಕದಲ್ಲಿ ಸಿಬಿಎಸ್ ಸಂಸ್ಥೆಯ ಪ್ರಸಾರ ಕೇಂದ್ರವಾಯಿತು. ಆಗ ಅದರ ಹೆಸರು ಸ್ಟುಡಿಯೊ 52. ಮುಂದೆ ಬ್ರೂಕ್ಲಿನ್ ಮೂಲದ ಇಬ್ಬರು ಗೆಳೆಯರು, ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್, ಬೀದಿಯ ಸಂಖ್ಯೆಯನ್ನೇ ಹೆಸರಾಗಿಸಿಕೊಂಡು 1977ರ ಏಪ್ರಿಲ್ 26ರಂದು ಅಲ್ಲಿ ಡಿಸ್ಕೊ ತೆರೆದರು. ರಂಗಮಂದಿರದ ಹಗ್ಗ, ರಾಟೆ, ಪರದೆಗಳನ್ನು ಅವರು ಕೀಳಿಸಲಿಲ್ಲ. ಬ್ರಾಡ್‌ವೇಯ ಬೆಳಕಿನ ತಜ್ಞರನ್ನು ಕರೆಸಿ, ಕುಣಿಯುವವರೇ ಪಾತ್ರಧಾರಿಗಳಾಗುವಂತೆ ರಂಗವನ್ನೇ ನೃತ್ಯದ ನೆಲವಾಗಿಸಿದರು. ಮೇಲಿನಿಂದ ಇಳಿದು ಬರುವ ಚಂದ್ರನ ಮೂಗಿಗೆ ಕೊಕೇನಿನ ಚಮಚವನ್ನು ಹಿಡಿಯುವ ಅಲಂಕಾರವಂತೂ ಕುಪ್ರಸಿದ್ಧವಾಯಿತು.

ತೆರೆದ ವಾರದಲ್ಲೇ ಬಿಯಾಂಕಾ ಜಾಗರ್ ಬಿಳಿ ಕುದುರೆಯ ಮೇಲೆ ಕುಳಿತ ಚಿತ್ರ ಪತ್ರಿಕೆಗಳಲ್ಲಿ ಬಂತು. ಆಕೆ ಕುದುರೆಯೇರಿಯೇ ಬೀದಿಯಿಂದ ಒಳಬಂದರೆಂಬ ಕತೆ ಹಬ್ಬಿತು. ಕುದುರೆ ಒಳಗೇ ಇತ್ತು, ತಾನು ಕ್ಷಣಕಾಲ ಅದನ್ನು ಏರಿದ್ದಷ್ಟೇ ಎಂದು ಆಕೆ ದಶಕಗಳ ನಂತರ, 2015ರಲ್ಲಿ, ಪತ್ರಿಕೆಗೆ ಬರೆದು ತಿದ್ದಬೇಕಾಯಿತು.

ಈ ಚಿತ್ರಗಳೇ ಬೀದಿಯ ಸಾಲನ್ನು ಬೆಳೆಸಿದವು. ಮಖಮಲ್ಲಿನ ಹಗ್ಗದ ಹಿಂದೆ ಹತ್ತೊಂಬತ್ತರ ಹರೆಯದ ಮಾರ್ಕ್ ಬೆನೆಕ್ ಎಂಬ ಯುವಕ, ಕೆಲವೊಮ್ಮೆ ಸ್ವತಃ ರುಬೆಲ್, ನಿಂತು ಬೆರಳು ತೋರಿಸಿ ಜನರನ್ನು ಆರಿಸುತ್ತಿದ್ದರು. ಹಣ ಇದ್ದರಷ್ಟೇ ಸಾಲದು. ಬಟ್ಟೆ, ಮುಖ, ಠೀವಿ, ಕೊನೆಗೆ ಅಂದಿನ ಮನಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು. ದಂಪತಿಗಳಲ್ಲಿ ಒಬ್ಬರನ್ನು ಒಳಗೆ ಬಿಟ್ಟು ಇನ್ನೊಬ್ಬರನ್ನು ಹೊರಗೇ ನಿಲ್ಲಿಸಿದ್ದೂ ಉಂಟು. ಇದು ಪಚ್ಚಡಿ ಕಲೆಸಿದಂತೆ, ಎಲ್ಲ ಬಗೆಯವರೂ ಹದವಾಗಿ ಬೆರೆಯಬೇಕು ಎಂಬುದು ರುಬೆಲ್‌ನ ಸಮರ್ಥನೆ. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಹಗ್ಗದ ಆಚೆಗೆ ದಾಟಿದವರಲ್ಲಿ ಕೋಟ್ಯಧೀಶರ ಪಕ್ಕದಲ್ಲೇ ಹೆಣ್ಣುವೇಷದ ಗಂಡಸರಿದ್ದರು. ಎಪ್ಪತ್ತು ದಾಟಿದ ‘ಡಿಸ್ಕೊ ಸ್ಯಾಲಿ’ ಎಂಬ ವಿಧವೆ ವಕೀಲೆಯೂ ಇದ್ದರು. ಬೇರೆಲ್ಲೂ ನಿರ್ಭಯವಾಗಿ ಕೈಹಿಡಿದು ನಿಲ್ಲಲಾಗದವರು ಅಲ್ಲಿ ಎಲ್ಲರೆದುರು ಕುಣಿದರು. ಒಳಗಿನ ಈ ಸಮಾನತೆಗೆ ಬೆಲೆ ತೆತ್ತವರು ಮಾತ್ರ ಬೀದಿಯಲ್ಲಿ ನಡುಗುತ್ತ ನಿಂತವರು. ಅವರ ನಿರಾಸೆಯೇ ಆ ಸ್ಥಳದ ಬಹುದೊಡ್ಡ ಜಾಹೀರಾತಾಗಿತ್ತು. 1977ರ ನ್ಯೂಯಾರ್ಕ್ ದಿವಾಳಿಯ ಅಂಚಿನಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ನಗರ ಎಂಬುದನ್ನು ನೆನೆದರೆ ಆ ನೂಕುನುಗ್ಗಲಿನ ಹಸಿವು ಅರ್ಥವಾಗುತ್ತದೆ.

ಮಾಲೀಕರಿಗೆ ಕಾನೂನೂ ಒಂದು ಹಗ್ಗದಂತೆಯೇ ಕಂಡಿರಬೇಕು. ಮದ್ಯದ ಪರವಾನಗಿ ಪಡೆಯದೆ, ಔತಣಕೂಟಗಳಿಗೆ ಕೊಡುವ ಒಂದು ದಿನದ ಅನುಮತಿಯನ್ನೇ ದಿನವೂ ಪಡೆದು ಆರಂಭದಲ್ಲಿ ಕಾಲ ಹಾಕಿದರು. ತಿಂಗಳೊಳಗೆ ದಾಳಿಯಾಗಿ, ಕೆಲಕಾಲ ಹಣ್ಣಿನ ರಸವನ್ನೇ ಹಂಚಬೇಕಾಯಿತು. ಲಾಭದ ವಿಷಯದಲ್ಲಿ ತಮ್ಮನ್ನು ಮೀರಿಸುವುದು ಮಾಫಿಯಾ ಮಾತ್ರ ಎಂದು ರುಬೆಲ್ ಕೊಚ್ಚಿಕೊಂಡದ್ದು ತೆರಿಗೆ ಇಲಾಖೆಯ ಕಿವಿಗೂ ಬಿತ್ತು. 1978ರ ಡಿಸೆಂಬರ್ 14ರಂದು ಅಧಿಕಾರಿಗಳು ಬಂದಾಗ ಯಾರ ಬೆರಳಿಗೂ ಕಾಯಲಿಲ್ಲ. ಕಸದ ಚೀಲಗಳಲ್ಲಿ ನೋಟುಗಳು ಸಿಕ್ಕವು. ಸುಮಾರು 25 ಲಕ್ಷ ಡಾಲರ್ ವರಮಾನವನ್ನು ಮರೆಮಾಚಿದ ಆರೋಪದಲ್ಲಿ ತಪ್ಪೊಪ್ಪಿಕೊಂಡ ಇಬ್ಬರಿಗೂ 1980ರ ಜನವರಿಯಲ್ಲಿ ಮೂರೂವರೆ ವರ್ಷಗಳ ಶಿಕ್ಷೆಯಾಯಿತು. ಫೆಬ್ರುವರಿ ಮೊದಲ ವಾರ ಬೀಳ್ಕೊಡುಗೆಯ ಔತಣ; ಡಯಾನಾ ರಾಸ್, ಲೈಜಾ ಮಿನೆಲ್ಲಿ ಹಾಡಿದರು. ಅದರ ಬೆನ್ನಿಗೇ ಸೆರೆಮನೆ. ಮೂವತ್ಮೂರು ತಿಂಗಳ ವೈಭವ ಅಲ್ಲಿಗೆ ಮುಗಿಯಿತು.

ಆ ವೇಳೆಗೆ ಡಿಸ್ಕೊವಿನ ಮೇಲೂ ಜನರ ಮುನಿಸು ಹೊರಳಿತ್ತು. 1979ರ ಜುಲೈ 12ರಂದು ಷಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಧ್ವನಿಮುದ್ರಿಕೆಗಳ ರಾಶಿಯನ್ನು ಸಿಡಿಸಿ ಸಾವಿರಾರು ಮಂದಿ ಅಂಗಳಕ್ಕೆ ನುಗ್ಗಿದರು. ಅದರ ಹಿಂದೆ ಕಪ್ಪು ಜನರ ಮತ್ತು ಸಲಿಂಗಿಗಳ ಮೇಲಿನ ಅಸಹನೆಯೂ ಇತ್ತೆಂದು ಅನೇಕ ಸಂಗೀತ ಚರಿತ್ರಕಾರರು ಗುರುತಿಸಿದ್ದಾರೆ. ಬಾಗಿಲಲ್ಲಿ ತಿರಸ್ಕೃತರಾದ ರಾಜರ್ಸ್ ಮತ್ತು ಎಡ್ವರ್ಡ್ಸ್ ಈಗ ಬಾಗಿಲಿನ ಒಳಗಿನವರೆಂದು ಎಣಿಸಲ್ಪಟ್ಟು ಇನ್ನೊಮ್ಮೆ ಪೆಟ್ಟು ತಿಂದರು. ಅವರ ತಂಡದ ಹಾಡುಗಳನ್ನು ಕೇಳುವವರು ಕಡಿಮೆಯಾದರು.

ಹೊಸ ಮಾಲೀಕರ ಕೈಯಲ್ಲಿ ಕ್ಲಬ್ 1981ರಲ್ಲಿ ಮತ್ತೆ ತೆರೆದು 1986ರವರೆಗೆ ನಡೆಯಿತು. ಅಷ್ಟರಲ್ಲಿ ಏಡ್ಸ್ ಅಲ್ಲಿನ ನರ್ತಕರನೇಕರನ್ನು ಕೊಂಡೊಯ್ಯತೊಡಗಿತ್ತು. ರುಬೆಲ್ 1989ರಲ್ಲಿ, 45ರ ವಯಸ್ಸಿನಲ್ಲಿ, ಅದೇ ಕಾಯಿಲೆಯಿಂದ ತೀರಿಕೊಂಡ. ಶ್ರೇಗರ್ ಹೋಟೆಲ್ ಉದ್ಯಮದಲ್ಲಿ ದೊಡ್ಡ ಹೆಸರು ಮಾಡಿದ. 2017ರ ಜನವರಿಯಲ್ಲಿ ಅಧ್ಯಕ್ಷ ಒಬಾಮ ಆತನಿಗೆ ಕ್ಷಮಾದಾನವಿತ್ತರು. ಕಟ್ಟಡ ಮಾತ್ರ ತನ್ನ ಮೂಲ ಕಸುಬಿಗೇ ಮರಳಿತು. 1998ರಲ್ಲಿ ‘ಕ್ಯಾಬರೆ’ ನಾಟಕ ಅಲ್ಲಿಗೆ ಬಂತು. 2003ರಲ್ಲಿ ರೌಂಡ್‌ಅಬೌಟ್ ರಂಗಸಂಸ್ಥೆ ಕಟ್ಟಡವನ್ನೇ ಕೊಂಡುಕೊಂಡಿತು. ಹಳೆಯ ಹೆಸರೇ ಉಳಿದಿದೆ. ಟಿಕೆಟ್ ಕೊಂಡವರು ಯಾವ ಬಟ್ಟೆಯಲ್ಲಿ ಬಂದರೂ ಒಳಗೆ ಹೋಗಿ, ತಮ್ಮ ಸಂಖ್ಯೆಯ ಆಸನದಲ್ಲಿ ಕುಳಿತು ನಾಟಕ ನೋಡಬಹುದು.