ಕುರುಚಲು ಕಾಡಿನ ಪಾಠ

ಕಾಡೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಮಲೆನಾಡಿನ ದಟ್ಟಡವಿ; ಹಸುರೆಂದರೆ ಲಾಲ್‌ಬಾಗಿನಂಥ ಉದ್ಯಾನ. ಈ ಎರಡಕ್ಕೂ ಸೇರದ ಮೂರನೆಯ ಬಗೆಯ ನೆಲವೊಂದು ಬೆಂಗಳೂರಿನ ದಕ್ಷಿಣದಂಚಿನಲ್ಲಿ ಉಳಿದುಕೊಂಡಿದೆ. ಬನಶಂಕರಿ ಆರನೆಯ ಹಂತದ ಮಗ್ಗುಲಿಗಿರುವ ತುರಹಳ್ಳಿ ಕಾಡು ಅದು. ೫೦೦ ಎಕರೆಗೂ ಮಿಕ್ಕ ವಿಸ್ತಾರ. ಹೆಬ್ಬಂಡೆಗಳು, ಮುಳ್ಳುಪೊದೆಗಳು, ಬೇಸಗೆಯಲ್ಲಿ ಒಣಗಿ ನಿಲ್ಲುವ ಹುಲ್ಲು. ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಇಂಥ ಕಡೆ ಕರೆದೊಯ್ಯುವ ಕೆಲಸದಲ್ಲಿ ತೊಡಗಿರುವ ನಾನು, ಆ ನಡಿಗೆ ಏನನ್ನು ಕಲಿಸಬಲ್ಲದೆಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ಉದ್ಯಾನದ ಮರಗಳಿಗೆ ಹೆಸರಿನ ಫಲಕವಿರುತ್ತದೆ. ಹೆಸರನ್ನು ಓದಿದ ವಿದ್ಯಾರ್ಥಿ ಮರವನ್ನು ನೋಡದೆಯೇ ಮುಂದೆ ಸಾಗಬಹುದು. ಕಾಡಿನಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಹೆಸರನ್ನು ಕೊನೆಗೆ ಹೇಳುವುದು ನನ್ನ ಕ್ರಮ. ಬಂದರಿಕೆಯ ಎಲೆಯನ್ನು ಬೆರಳ ನಡುವೆ ಹಿಡಿಯಹೇಳುತ್ತೇನೆ. ಅಂಟು ತಗಲುತ್ತದೆ, ಎಣ್ಣೆ ಸವರಿದಂಥ ಹೊಳಪು ಕಾಣುತ್ತದೆ. ‘ಈ ಅಂಟು ಏತಕ್ಕೆ?’ ಎಂಬ ಪ್ರಶ್ನೆಗೆ ಉತ್ತರ ಕಾಲಡಿಯಲ್ಲಿದೆ. ಇಲ್ಲಿನ ಬಂಡೆ ಭೂವಿಜ್ಞಾನಿಗಳ ಎಣಿಕೆಯಂತೆ ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಅದರ ಮೇಲಣ ಮಣ್ಣಾದರೋ ತೀರ ತೆಳು. ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆಯ ನೀರು ಆವಿಯಾಗಿ ಹೋಗದಂತೆ ಆ ರಾಳದ ಲೇಪ ತಡೆಯುತ್ತದೆ. ಕಲ್ಲು, ಮಣ್ಣು, ಮಳೆ, ಎಲೆ ಈ ನಾಲ್ಕರ ಸಂಬಂಧವೂ ಹೀಗೆ ಒಂದೇ ಗಿಡದಲ್ಲಿ ತಿಳಿಯುತ್ತದೆ.

ನಮ್ಮ ಸೀಮೆಯ ಕುರುಚಲು ಕಾಡುಗಳ ಹೆಮ್ಮೆಯಾದ ಶ್ರೀಗಂಧದ ಕಥೆ ಇನ್ನೂ ಸ್ವಾರಸ್ಯವಾದುದು. ಅದು ಅರೆಪರಾವಲಂಬಿ. ಎಲೆಯಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಲವಣಗಳಿಗಾಗಿ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹೊಂದಿಸುತ್ತದೆ. ಅದರ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಪೊದೆಗಳಡಿಯಲ್ಲಿ ಬೀಳಿಸುತ್ತವೆ. ‘ಕಳೆ’ ಎಂದು ಸುತ್ತಲಿನ ಪೊದೆಗಳನ್ನೆಲ್ಲ ಸವರಿಹಾಕಿದರೆ ಗಂಧಕ್ಕೆ ಆಸರೆಯೆಲ್ಲಿ?

ಸಾಹಿತ್ಯಪ್ರಿಯರಿಗೆ ಈ ಬಗೆಯ ಕಲಿಕೆ ಅಪರಿಚಿತವಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕೈಗೊಂಡ ಸಸ್ಯಾನ್ವೇಷಣೆಯ ಪ್ರವಾಸವನ್ನು ‘ಹಸುರು ಹೊನ್ನು’ ಎಂಬ ಕೃತಿಯಾಗಿಸಿದರು. ೧೯೭೮ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡದ ಲಕ್ಷಣದೊಡನೆ ಅದು ಬೆಳೆಯುವ ನೆಲ, ಅದನ್ನು ಬಳಸುವ ಜನ, ಜೊತೆಗಾರರ ನಗೆಮಾತು ಎಲ್ಲವೂ ಅಲ್ಲಿ ಒಂದಾಗಿವೆ. ಪಾಠವೆಂಬುದು ಕೊಠಡಿಯ ಹೊರಗೂ ನಡೆಯುವುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಪಾಠ ತಪ್ಪಿದರೆ ಆಗುವ ನಷ್ಟ ಅಂಕಪಟ್ಟಿಯಲ್ಲಿ ಕಾಣುವಂಥದಲ್ಲ. ೨೦೨೧ರಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆ ಹೊರಟಿತು; ನಾಗರಿಕರು ವಿರೋಧಿಸಿದರು; ಯೋಜನೆಯನ್ನು ಕೈಬಿಡಲಾಯಿತು. ಉದ್ಯಾನವೆಂಬುದು ಕೇಳಲು ಇಂಪಾದ ಮಾತೇ. ಆದರೆ ಕುರುಚಲನ್ನು ಬರಡೆಂದು ಬಗೆಯುವವರಿಗೆ ಅದನ್ನು ಅಂದಗೊಳಿಸುವುದು ಉಪಕಾರವಾಗಿಯೇ ತೋರುತ್ತದೆ. ಅದೂ ಪೂರ್ಣವಾದ ಕಾಡೇ ಎಂದು ವಾದಿಸಬಲ್ಲವರು, ಅಲ್ಲಿ ನಡೆದು ಬಲ್ಲವರು ಮಾತ್ರ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಸೂಚನೆ: ಅರಣ್ಯ ಇಲಾಖೆಯ ನಿಯಮಗಳನ್ನು ತಿಳಿದುಕೊಂಡು, ಸಣ್ಣ ಗುಂಪಾಗಿ, ಬೆಳಗಿನ ತಂಪಿನಲ್ಲಿ ಹೊರಡಿ. ಎಲೆ ಹೂಗಳನ್ನು ಕೀಳದೆ ನೋಡುವುದನ್ನು ಕಲಿಸಿ. ಮುಖ್ಯವಾಗಿ, ಅದೇ ಮಕ್ಕಳನ್ನು ಅದೇ ದಾರಿಯಲ್ಲಿ ಮಳೆ ನಿಂತ ಮೇಲೊಮ್ಮೆ, ಬೇಸಗೆಯಲ್ಲೊಮ್ಮೆ ನಡೆಸಿ. ಎರಡನೆಯ ಸಲ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.